ಡಾರ್ಕಸ್ ಮತ್ತು ಉತ್ತರ ಮಗ್ಗುಲಿನ ಮಕ್ಕಳು

ಡಾರ್ಕಸ್ ಕೆರಿಜ್ ತನ್ನ ಮೊದಲ ಗುಂಡಿ ತೋಡಿದ್ದು 1917ರ ಫೆಬ್ರುವರಿಯಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಮಿಕಲ್‌ಥಾರ್ಪಿನಲ್ಲಿ ಮೂವತ್ತು ವರ್ಷ ಟಪಾಲು ಹಂಚಿದ್ದ ಟೋವೆಲ್ ಮುದುಕ ಭಾನುವಾರ ತೀರಿಕೊಂಡಿದ್ದ. ಚರ್ಚಿನ ಗುಂಡಿ ತೋಡುವ ಕೆಲಸ ಡಾರ್ಕಸಳ ಅಪ್ಪ ಏಮಸ್‌ನದು. ಅವನು ಸೊಂಟ ಹಿಡಿದುಕೊಂಡು ಎಂಟು ದಿನದಿಂದ ಹಾಸಿಗೆಯಲ್ಲಿದ್ದ. ಸಲಿಕೆ ಹಿಡಿಯಬಲ್ಲ ಗಂಡಸರೆಲ್ಲ ಯುದ್ಧಕ್ಕೆಂದು ಫ್ರಾನ್ಸಿನಲ್ಲಿದ್ದರು. ಚರ್ಚಿನ ಆಡಳಿತ ನೋಡಿಕೊಳ್ಳುವ ವಾರ್ಡನ್ ಎಫ್ರೇಮ್ ಬೋರೆಟ್ ಪಕ್ಕದ ಊರಿನಿಂದ ಯಾರನ್ನಾದರೂ ಕರೆತರುವುದಾಗಿ ಹೇಳಿ ಕುದುರೆಗಾಡಿ ಹೂಡಿಸಿದ. ಮಧ್ಯಾಹ್ನ ಅವನು ಬರಿಗೈಲಿ ಹಿಂತಿರುಗಿದಾಗ ಚರ್ಚಿನಂಗಳದಲ್ಲಿ ಹುಲ್ಲಿನ ಹೆಂಟೆಗಳು ಅಚ್ಚುಕಟ್ಟಾಗಿ ಒಂದರ ಮೇಲೊಂದು ಕೂತಿದ್ದವು. ಮಣ್ಣಿನ ಗುಡ್ಡೆಯ ಆಚೆ ಒಂದು ತಲೆವಸ್ತ್ರ ಮಾತ್ರ ಕಾಣುತ್ತಿತ್ತು.

“ಏನಮ್ಮಾ ಇದು? ಅಲ್ಲಿ ಕೆಳಗೇನು ಮಾಡ್ತಿದ್ದೀಯ?”

“ಟೋವೆಲ್ ತಾತನಿಗೆ ಜಾಗ ಮಾಡ್ತಿದ್ದೀನಿ, ಬೋರೆಟ್ಟರೇ.”

“ಹೆಣ್ಣುಮಗಳು ಗುಂಡಿ ತೋಡಿದ್ದನ್ನ ಈ ಊರು ಇದುವರೆಗೂ ನೋಡಿಲ್ಲ.”

“ಹಾಗಾದ್ರೆ ಈಗ ನೋಡ್ಲಿ. ಸ್ವಲ್ಪ ಆಚೆಗೆ ನಿಂತ್ಕೊಳ್ಳಿ, ಅಂಚು ಕುಸಿಯುತ್ತೆ.”

ಬೋರೆಟ್ ಆಚೆಗೆ ನಿಂತ. ಅವನು ಸುಮ್ಮನೆ ಬಿಡುವ ಆಸಾಮಿಯಲ್ಲ. ಮನೆಗೆ ಹೋಗಿ ಅಳತೆಗೋಲು ತಂದು ಆಳ ನೋಡಿದ, ಅಗಲ ನೋಡಿದ, ಮೂಲೆಗಳನ್ನು ನೋಡಿದ. ಆರಡಿಗೆ ಒಂದು ಬೆರಳೂ ಕಮ್ಮಿ ಇರಲಿಲ್ಲ. ಗೋಡೆಗಳು ಗಿಣ್ಣು ಕೊಯ್ದ ಹಾಗೆ ನೆಟ್ಟಗಿದ್ದವು. ಸಫೊಕ್ ಸೀಮೆಯ ಆ ಜೇಡಿಮಣ್ಣು ಸಲಿಕೆಗೆ ಅಂಟಿದರೆ ಬಿಡುವುದಿಲ್ಲ, ನಡುನಡುವೆ ಚಕಮಕಿ ಕಲ್ಲು ಬೇರೆ. ಡಾರ್ಕಸಳ ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದಿದ್ದವು. ಅದನ್ನು ಅವಳು ತೋರಿಸಲಿಲ್ಲ, ಅವನು ಕೇಳಲೂ ಇಲ್ಲ. “ಯುದ್ಧ ಮುಗಿಯೋವರೆಗೆ ಮಾತ್ರ” ಎಂದು ಹೇಳಿ ಅಳತೆಗೋಲು ಮಡಿಚಿಕೊಂಡು ಹೊರಟುಹೋದ.

ಆ ವಸಂತದಲ್ಲಿ ಅಪ್ಪ ಎದ್ದು ಓಡಾಡುವಷ್ಟಾದ, ಆದರೆ ಬಗ್ಗಲಾರದವನಾದ. ಕೆಲಸ ಮಗಳ ಕೈಗೆ ಬಂದಾಯಿತೆಂದು ಅವನಿಗೆ ಗೊತ್ತಾಯಿತು. ಒಂದು ಬೆಳಿಗ್ಗೆ ಅವಳನ್ನು ಚರ್ಚಿನ ಉತ್ತರ ಮಗ್ಗುಲಿಗೆ ಕರೆದುಕೊಂಡು ಹೋದ. ಬಿಸಿಲು ಬೀಳದ ಆ ಕಡೆ ಒಂದು ಗೋರಿಕಲ್ಲೂ ಇರಲಿಲ್ಲ. ಬರೀ ಹುಲ್ಲು, ಅಲ್ಲಲ್ಲಿ ಪ್ರಿಮ್‌ರೋಸ್ ಹೂವು.

“ಇಲ್ಲಿ ಯಾರೂ ಇಲ್ಲ ಅಂತ ತಾನೇ ನೀನು ತಿಳ್ಕೊಂಡಿರೋದು?” ಎಂದ ಏಮಸ್.

“ಚರ್ಚಿನ ಪುಸ್ತಕದಲ್ಲಿ ಹಾಗೇ ಇದೆಯಲ್ಲಪ್ಪ.”

“ಪುಸ್ತಕದಲ್ಲಿ ಇರೋದಿಲ್ಲ. ದೀಕ್ಷಾಸ್ನಾನ ಆಗೋದಕ್ಕೆ ಮುಂಚೆ ಹೋದ ಕೂಸುಗಳು ಇವು. ಇವಕ್ಕೆ ಪಾದ್ರಿ ಪ್ರಾರ್ಥನೆ ಹೇಳೋ ಹಾಗಿಲ್ಲ, ಗಂಟೆ ಬಾರಿಸೋ ಹಾಗಿಲ್ಲ. ಸೂಲಗಿತ್ತಿ ಬುಟ್ಟಿಯಲ್ಲಿ ತಂದು ಕೊಡ್ತಿದ್ಲು, ನಾನು ಮಣ್ಣು ಮಾಡ್ತಿದ್ದೆ. ನಮ್ಮಪ್ಪನೂ ಹಾಗೇ ಮಾಡಿದ್ದ. ಇಪ್ಪತ್ತಾರು ಇವೆ. ಬಾ, ತೋರಿಸ್ತೀನಿ.”

ಗೋಡೆಗೆ ಒತ್ತುಕೊಟ್ಟು ಕಟ್ಟಿದ ಮೂರನೆಯ ಕಲ್ಲಿನ ಆನಿಕೆಗೆ ಬೆನ್ನು ಕೊಟ್ಟು ನಿಂತು ಅವನು ಹೆಜ್ಜೆ ಎಣಿಸುತ್ತ ನಡೆದ. ಇಲ್ಲಿ ಟೋವೆಲ್‌ರದು, ಇಲ್ಲಿ ಕಮ್ಮಾರನ ಮನೆಯ ಅವಳಿ, ಇಲ್ಲಿ ಶಾಲೆಯ ಮೇಡಮ್ಮನ ತಂಗಿಯದು. ಏಳನೆಯ ಹೆಜ್ಜೆಗೆ ನಿಂತು, “ಇದು ಬೋರೆಟ್‌ರದು. ತೊಂಬತ್ತಮೂರನೇ ಇಸವಿ ಮಾರ್ಚ್. ಹೆಣ್ಣು” ಎಂದ.

“ಬರೆದಿಟ್ಕೊಳ್ಳಲಾ?”

“ಬೇಡ. ಬರೆದಿಟ್ಟರೆ ಓದೋರು ಇರ್ತಾರೆ. ಇವರ ತಾಯಂದಿರು ಯಾರಿಗೂ ಹೇಳಿಲ್ಲ. ನೀನು ನೆನಪಲ್ಲಿಟ್ಕೋ, ಅಷ್ಟೇ.”

ಡಾರ್ಕಸ್ ನೆನಪಿಟ್ಟುಕೊಂಡಳು. ಮಗ್ಗಿ ಕಲಿತ ಹಾಗೆ ಬಾಯಿಪಾಠ ಮಾಡಿಕೊಂಡಳು. ಆಮೇಲೆ ಸೂಲಗಿತ್ತಿ ತನ್ನ ಕೈಗೆ ತಂದುಕೊಟ್ಟವನ್ನೂ ಅದೇ ಲೆಕ್ಕಕ್ಕೆ ಸೇರಿಸುತ್ತ ಹೋದಳು. ಅಪ್ಪ 1918ರಲ್ಲಿ ತೀರಿಕೊಂಡಾಗ ಅವನ ಗುಂಡಿಯನ್ನೂ ಅವಳೇ ತೋಡಿದಳು. ಬೇರೆಯವರಿಗೆ ಬಿಡಲು ಮನಸ್ಸಾಗಲಿಲ್ಲ.

ಯುದ್ಧ ಮುಗಿಯಿತು. ಬೋರೆಟ್ ತನ್ನ ಮಾತು ಮರೆತಿರಲಿಲ್ಲ. 1919ರ ಬೇಸಗೆಯಲ್ಲಿ, ಫ್ರಾನ್ಸಿನಿಂದ ವಾಪಸಾಗಿದ್ದ ವಾಲ್ಟರ್ ಸ್ಮೈ ಎಂಬ ಯುವಕನನ್ನು ಕರೆತಂದು, “ಇನ್ನು ಇವನು ನೋಡ್ಕೊಳ್ತಾನೆ. ನೀನು ಹೋಗಿ ಆರಾಮಾಗಿರು” ಎಂದ. ನಾಲ್ಕಡಿ ತೋಡಿದ್ದ ಗುಂಡಿ ಬಾಯಿ ತೆರೆದಿತ್ತು. ಡಾರ್ಕಸ್ ಸಲಿಕೆಯನ್ನು ವಾಲ್ಟರನಿಗೆ ಕೊಟ್ಟಳು. ಅವನು ಕೆಳಗಿಳಿದ. ಎರಡು ಸಲಿಕೆ ಮಣ್ಣು ಮೇಲೆ ಬಂತು. ಆಮೇಲೆ ಏನೂ ಬರಲಿಲ್ಲ. ಅವಳು ಬಗ್ಗಿ ನೋಡಿದಳು. ವಾಲ್ಟರ್ ಮಣ್ಣಿನ ಗೋಡೆಗೆ ಬೆನ್ನು ಒತ್ತಿಕೊಂಡು, ಸುಣ್ಣದಂತೆ ಬಿಳುಚಿಕೊಂಡು ನಿಂತಿದ್ದ. ಅವಳು ಕೈಚಾಚಿ ಅವನನ್ನು ಮೇಲಕ್ಕೆಳೆದುಕೊಂಡಳು.

“ಮೂರು ವರ್ಷ ಇಂಥ ಕಂದಕದೊಳಗೇ ಇದ್ದೆ” ಎಂದ ವಾಲ್ಟರ್, ಉಸಿರು ಹತೋಟಿಗೆ ಬಂದ ಮೇಲೆ. “ಇನ್ನು ನನ್ನ ಕೈಲಾಗೋಲ್ಲ.”

“ಹುಲ್ಲು ಕೊಯ್ಯೋಕೆ ಬರುತ್ತಾ?”

“ಬರುತ್ತೆ.”

“ಹಾಗಾದ್ರೆ ಹುಲ್ಲು ನಿಂದು, ಮಣ್ಣು ನಂದು.”

ಅವಳು ಮತ್ತೆ ಕೆಳಗಿಳಿದಳು. ಬೋರೆಟ್ ವಾಲ್ಟರನ ಮುಖ ನೋಡಿ, ಟೋಪಿ ಸರಿಮಾಡಿಕೊಂಡು ಮನೆಯ ಕಡೆ ನಡೆದ. ಮರುವರ್ಷ ಸುಗ್ಗಿ ಮುಗಿದ ಮೇಲೆ ಡಾರ್ಕಸ್ ಮತ್ತು ವಾಲ್ಟರ್ ಅದೇ ಚರ್ಚಿನಲ್ಲಿ ಮದುವೆಯಾದರು. ಮಕ್ಕಳಾಗಲಿಲ್ಲ. ಆ ಬಗ್ಗೆ ಊರಿನ ಹೆಂಗಸರು ಅಯ್ಯೋ ಪಾಪ ಎಂದಾಗ ಡಾರ್ಕಸ್ ಮಾತು ಬದಲಿಸುತ್ತಿದ್ದಳು. ವಾಲ್ಟರ್ ಚರ್ಚಿನ ಗಂಟೆ ಬಾರಿಸುವುದನ್ನೂ ಕಲಿತ. ಗಂಡಸು ಸತ್ತರೆ ಒಂಬತ್ತು, ಹೆಂಗಸಿಗೆ ಆರು, ಮಗುವಿಗೆ ಮೂರು. ಹೊಲದಲ್ಲಿದ್ದವರು ಗಂಟೆ ಎಣಿಸಿ ಟೋಪಿ ತೆಗೆಯುವ ಹೊತ್ತಿಗೆ ಡಾರ್ಕಸ್ ಹುಲ್ಲು ಕೊರೆಯಲು ಶುರುಮಾಡಿರುತ್ತಿದ್ದಳು.

ಅವಳಿಗೆ ತನ್ನ ಕೆಲಸದ ಬಗ್ಗೆ ನಾಚಿಕೆಯಿರಲಿಲ್ಲ. ಸಂತೆಗೆ ಹೋದಾಗ ಯಾರಾದರೂ ಅವಳ ಕೈ ನೋಡಿ ಮೂಗು ಮುರಿದರೆ, “ನಿಮಗೂ ಒಂದಿನ ಈ ಕೈ ಬೇಕಾಗುತ್ತೆ” ಎನ್ನುತ್ತಿದ್ದಳು. ಸೋಂಕು ಕಾಯಿಲೆಯ ಹೆಣವಿರಲಿ, ಜನವರಿಯ ಹೆಪ್ಪುಗಟ್ಟಿದ ನೆಲವಿರಲಿ, ಹೇಳಿದ ಹೊತ್ತಿಗೆ ಗುಂಡಿ ಸಿದ್ಧವಾಗಿರುತ್ತಿತ್ತು.

1934ರಲ್ಲಿ ಅವಳ ಮಾತು ಊರಿಗೆ ಕೇಳಿಸುವ ಸಂದರ್ಭ ಬಂತು. ದೊಡ್ಡಮನೆಯ ಲೇಡಿ ಮಾರ್ಡನ್‌ರ ಒಬ್ಬನೇ ಮಗ ಯುದ್ಧದಲ್ಲಿ ಸತ್ತಿದ್ದ, ದೇಹ ಸಿಕ್ಕಿರಲಿಲ್ಲ. ಚರ್ಚಿನೊಳಗೆ ಮಾರ್ಡನ್ ಮನೆತನದ ಸ್ಮಾರಕಗಳಿಗೆ ಕೊರತೆಯಿರಲಿಲ್ಲ. ಅಮೃತಶಿಲೆಯ ಹಲಗೆಗಳು, ಕೈಮುಗಿದು ಮಲಗಿದ ಗಂಡಹೆಂಡಿರು, ಅಳುಮುಖದ ದೇವದೂತರು, ಗೋಡೆಯಲ್ಲಿ ಅಂಗೈ ಅಗಲ ಜಾಗ ಉಳಿದಿರಲಿಲ್ಲ. ಆಕೆಗೆ ಮಗನ ಹೆಸರಿನಲ್ಲಿ ಹೊರಗೆ ಹನ್ನೆರಡಡಿಯ ಕಲ್ಲಿನ ಶಿಲುಬೆ ನಿಲ್ಲಿಸಬೇಕೆಂದಿತ್ತು. ಪಾದ್ರಿ ಸ್ಟ್ಯಾನರ್ಡ್ ನಕ್ಷೆ ತೆಗೆದು ನೋಡಿದರು. ಉತ್ತರ ಮಗ್ಗುಲು ಪೂರ್ತಿ ಖಾಲಿ. ಸೋಮವಾರ ಕಲ್ಲುಕೆಲಸದವರು ಬಂದು ನಾಲ್ಕು ಗೂಟ ಬಡಿದು ದಾರ ಕಟ್ಟಿಹೋದರು. ಮಂಗಳವಾರ ಬೆಳಿಗ್ಗೆ ಗೂಟಗಳು ಪಾದ್ರಿಯವರ ಬಾಗಿಲಲ್ಲಿ ಸಾಲಾಗಿ ಮಲಗಿದ್ದವು. ದಾರ ಉಂಡೆ ಕಟ್ಟಿ ಪಕ್ಕದಲ್ಲಿಟ್ಟಿತ್ತು. ಡಾರ್ಕಸ್ ಅಲ್ಲೇ ನಿಂತಿದ್ದಳು.

“ಇದು ನಿನ್ನ ಕೆಲಸವೇನಮ್ಮಾ?”

“ಹೌದು ಅಯ್ಯನವರೇ. ಅಲ್ಲಿ ಪಾಯ ತೋಡೋ ಹಾಗಿಲ್ಲ. ಅಲ್ಲಿ ಮಕ್ಕಳಿದ್ದಾರೆ. ದೀಕ್ಷಾಸ್ನಾನ ಆಗದೆ ಹೋದವು.”

ಪಾದ್ರಿ ಈ ಊರಿಗೆ ಬಂದು ಆರು ವರ್ಷವಾಗಿತ್ತಷ್ಟೆ. ಮೃದು ಮನುಷ್ಯ, ಆದರೆ ಕಾಗದ ನಂಬುವವರು. “ನಮ್ಮ ರಿಜಿಸ್ಟರಿನಲ್ಲಿ ಒಂದು ಹೆಸರೂ ಇಲ್ಲವಲ್ಲ.”

“ಪುಸ್ತಕದಲ್ಲಿಲ್ಲ, ಮಣ್ಣಲ್ಲಿದ್ದಾರೆ.”

“ಯಾರ ಮಕ್ಕಳು? ಹೆಸರು ಹೇಳು. ಗುರುವಾರದ ಸಭೆಯಲ್ಲಿ ಇಡ್ತೀನಿ.”

“ಅದು ತಾಯಂದಿರ ಮಾತು. ಅವರನ್ನ ಕೇಳದೆ ನಾನು ಹೇಳೋಲ್ಲ. ಬೇರೆ ಯಾರನ್ನಾದ್ರೂ ಕರೆಸಿ ತೋಡಿಸಿದ್ರೆ, ನಾನು ಬಂದು ಅಡ್ಡ ನಿಲ್ತೀನಿ. ಅದನ್ನ ಈಗಲೇ ಹೇಳಿಬಿಡ್ತೀನಿ.”

ಶಿಲುಬೆಗೆ ಎಲ್ಲರಿಗಿಂತ ಜೋರಾಗಿ ಒಪ್ಪಿಗೆ ಕೊಟ್ಟಿದ್ದವನು ವಾರ್ಡನ್ ಬೋರೆಟ್. ಡಾರ್ಕಸ್ ಅವನ ಬಳಿ ಹೋಗಲಿಲ್ಲ. ಅವನು ಹೊಲಕ್ಕೆ ಹೋದ ಹೊತ್ತು ನೋಡಿ ಅವನ ಹೆಂಡತಿ ಹ್ಯಾನಾಳ ಅಡುಗೆಮನೆಗೆ ಹೋದಳು. ಹ್ಯಾನಾ ಕಡುಬಿಗೆ ಹಿಟ್ಟು ನಾದುತ್ತಿದ್ದಳು. ಡಾರ್ಕಸ್ ವಿಷಯ ಹೇಳಿದಳು. ಹಿಟ್ಟಿನೊಳಗೆ ಕೈಗಳು ನಿಂತವು.

“ನಿಮ್ಮಪ್ಪ ನಿನಗೆ ತೋರಿಸಿದ್ನಾ?”

“ಹದಿನೇಳು ವರ್ಷ ಆಯ್ತು.”

“ಹದಿನೇಳು ವರ್ಷದಿಂದ ಗೊತ್ತಿದ್ದೂ ನನ್ನ ಮುಖ ನೋಡಿ ಬಾಯಿ ಬಿಡಲಿಲ್ವಲ್ಲೇ.”

“ಪ್ರತಿ ಮಾರ್ಚ್‌ನಲ್ಲೂ ನೀವು ಪ್ರಿಮ್‌ರೋಸ್ ಕೀಳೋಕೆ ಬರ್ತಿದ್ರಿ. ಒಂದು ಹೂವನ್ನೂ ಕಿತ್ತದ್ದು ನಾನು ನೋಡಿಲ್ಲ. ಏನಂತ ಕೇಳಲಿ ಅಕ್ಕಾ?”

ಹ್ಯಾನಾ ಕುರ್ಚಿಯ ಮೇಲೆ ಕೂತಳು. “ನಮ್ಮನೆಯವರಿಗೆ ಕೂಸು ಎಲ್ಲಿದೆ ಅಂತ ಗೊತ್ತಿಲ್ಲ. ಸೂಲಗಿತ್ತಿ ‘ಎಲ್ಲ ಆಯ್ತು’ ಅಂದ್ಲು, ಅವರು ತಲೆ ಆಡಿಸಿ ಹೊಲಕ್ಕೆ ಹೋದ್ರು. ಆಮೇಲೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

“ನಾನು ಹೇಳಲಾ?”

“ಬೇಡ. ನಾನೇ ಹೇಳ್ತೀನಿ. ಬೇರೆ ಮನೆಗಳಿಗೂ ನಾನೇ ಹೋಗ್ತೀನಿ. ನೀನು ಹೋದ್ರೆ ಗುಂಡಿ ತೋಡೋಳು ಬಂದ್ಲು ಅಂತ ಗಾಬರಿಯಾಗ್ತಾರೆ.” ಹ್ಯಾನಾ ಕಣ್ಣೊರೆಸಿಕೊಂಡು ನಕ್ಕಳು.

ಗುರುವಾರ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಡಾರ್ಕಸ್ ದಾರಿಯ ಎಲೆ ಗುಡಿಸುತ್ತಿದ್ದಾಗ ಬೋರೆಟ್ ಬಂದ. ಅರವತ್ತಾರು ವರ್ಷದ ದೊಡ್ಡ ದೇಹ, ಟೋಪಿ ಕೈಯಲ್ಲಿತ್ತು.

“ಎಲ್ಲಿ?” ಎಂದ.

ಅವಳು ಗೋಡೆಯ ಆನಿಕೆಯ ಹತ್ತಿರ ನಿಂತು ಹೆಜ್ಜೆ ಹಾಕಿದಳು. ಏಳನೆಯದಕ್ಕೆ ನಿಂತು ಪಕ್ಕಕ್ಕೆ ಸರಿದಳು. ಬೋರೆಟ್ ಆ ಹುಲ್ಲನ್ನೇ ನೋಡುತ್ತ ನಿಂತ.

“ಹೆಣ್ಣಂತೆ” ಎಂದ.

“ಹೌದು. ಬಿಳೀ ಫ್ಲಾನೆಲ್‌ನಲ್ಲಿ ಸುತ್ತಿತ್ತು ಅಂತ ಅಪ್ಪ ಹೇಳ್ತಿದ್ದ. ತಲೆ ಪಶ್ಚಿಮಕ್ಕೆ ಇಟ್ಟೇ ಮಲಗಿಸಿದಾನೆ, ಎಲ್ಲರ ಹಾಗೆ. ಆಳಾನೂ ಸರಿಯಾಗೇ ತೋಡಿದಾನೆ.”

“ತೋಡಿರ್ತಾನೆ. ಏಮಸ್ ಅರೆಬರೆ ಕೆಲಸ ಮಾಡೋನಲ್ಲ.” ಬೋರೆಟ್ ಟೋಪಿಯ ಅಂಚನ್ನು ಬೆರಳಿನಿಂದ ತಿರುಗಿಸುತ್ತಿದ್ದ. “ನಲವತ್ತೊಂದು ವರ್ಷ. ಪ್ರತಿ ಭಾನುವಾರ ಈ ಕಡೆ ಬಾಗಿಲಿನಿಂದಲೇ ಒಳಗೆ ಹೋಗಿದ್ದೀನಿ.”

ಡಾರ್ಕಸ್ ಪೊರಕೆ ಹಿಡಿದುಕೊಂಡು ಆಚೆ ಬದಿಗೆ ಹೋದಳು. ಅವನು ಎಷ್ಟು ಹೊತ್ತು ನಿಂತಿದ್ದನೆಂದು ಅವಳು ನೋಡಲಿಲ್ಲ.

ಅಂದು ಸಂಜೆ ಶಾಲೆಯ ಕೋಣೆಯಲ್ಲಿ ಸಭೆ. ಸಾಮಾನ್ಯವಾಗಿ ಏಳೆಂಟು ಗಂಡಸರು ಸೇರುವ ಸಭೆಗೆ ಹತ್ತೊಂಬತ್ತು ಹೆಂಗಸರು ಬಂದು ಹಿಂದಿನ ಗೋಡೆಗೆ ಒರಗಿ ನಿಂತರು. ಕೆಲವರು ಅರವತ್ತು ದಾಟಿದವರು, ಒಬ್ಬಳಿಗೆ ಇಪ್ಪತ್ತೈದೂ ಆಗಿರಲಿಲ್ಲ. ಲೇಡಿ ಮಾರ್ಡನ್ ಮುಂದಿನ ಬೆಂಚಿನಲ್ಲಿ ಕಪ್ಪು ಕೈಗವಸು ಹಾಕಿಕೊಂಡು ಕೂತಿದ್ದರು. ಪಾದ್ರಿ ಶಿಲುಬೆಯ ಮಾತೆತ್ತುತ್ತಲೇ ಬೋರೆಟ್ ಎದ್ದ.

“ಅಯ್ಯನವರೇ, ನಾನು ಒಪ್ಪಿಗೆ ಕೊಟ್ಟಿದ್ದನ್ನ ವಾಪಸ್ ತಗೊಳ್ತೀನಿ. ಆ ಜಾಗ ಖಾಲಿ ಇಲ್ಲ. ನನ್ನ ಮಗಳು ಅಲ್ಲಿದ್ದಾಳೆ.”

ಹಿಂದಿನಿಂದ ಹ್ಯಾನಾ, “ನಮ್ಮಿಬ್ಬರದೂ” ಎಂದಳು. ಅವಳ ಪಕ್ಕದವಳು, “ನಮ್ಮದೂ ಒಂದು ಇದೆ” ಎಂದಳು. ಕಮ್ಮಾರನ ಹೆಂಡತಿ, “ನಂದು ಎರಡು” ಎಂದಳು. ಹೀಗೆ ಒಬ್ಬೊಬ್ಬರೂ ಹೇಳಿದರು. ಯಾರೂ ಅಳಲಿಲ್ಲ. ಸಂತೆಯ ಲೆಕ್ಕ ಒಪ್ಪಿಸುವಂತೆ ಒಪ್ಪಿಸಿದರು.

ಲೇಡಿ ಮಾರ್ಡನ್ ಎದ್ದು ಹಿಂದಕ್ಕೆ ತಿರುಗಿದರು. “ನನಗೆ ಇದನ್ನ ಯಾರೂ ಹೇಳಲಿಲ್ಲ” ಎಂದರು. “ನನ್ನ ಮಗನಿಗೂ ಗೋರಿ ಇಲ್ಲ. ಇನ್ನೊಬ್ಬರ ಮಗುವಿನ ಮೇಲೆ ಅವನ ಕಲ್ಲು ನಿಲ್ಲಿಸೋ ತಾಯಿ ನಾನಲ್ಲ.” ಆಮೇಲೆ ಮೂಲೆಯಲ್ಲಿದ್ದ ಡಾರ್ಕಸಳನ್ನು ನೋಡಿ, “ಅಂಗಳದ ಮಣ್ಣು ನಿನಗೆ ಗೊತ್ತು. ಅವನಿಗೆ ಎಲ್ಲಿ ಜಾಗ ಕೊಡ್ತೀಯ?” ಎಂದು ಕೇಳಿದರು.

“ಹೆಬ್ಬಾಗಿಲಿನ ಬಲಕ್ಕೆ, ಅಮ್ಮಾವ್ರೇ. ಅಲ್ಲಿ ಯಾರೂ ಇಲ್ಲ. ಗಟ್ಟಿ ನೆಲ, ಕಲ್ಲು ವಾಲೋಲ್ಲ. ಒಳಗೆ ಬರೋರೆಲ್ಲ ಅವನ ಹೆಸರು ಓದಿಕೊಂಡೇ ಬರ್ತಾರೆ. ಪಾಯ ನಾನೇ ತೋಡ್ತೀನಿ.”

ಹಾಗೇ ಆಯಿತು. ಕೂಸುಗಳಿಗೂ ಒಂದು ಕಲ್ಲು ಹಾಕಿಸಿಕೊಡುವುದಾಗಿ ಲೇಡಿ ಮಾರ್ಡನ್ ಹೇಳಿಕಳಿಸಿದರು. ಹೆಂಗಸರು ಕೂತು ಮಾತಾಡಿಕೊಂಡು, ಕಲ್ಲು ಬೇಡ, ಹೂವು ಬಾಡುವವರೆಗೆ ಆ ಕಡೆ ಹುಲ್ಲು ಕೊಯ್ಯದಿದ್ದರೆ ಸಾಕು ಎಂದರು. ಅಂದಿನಿಂದ ವಾಲ್ಟರನ ಕುಡುಗೋಲು ಜೂನ್ ತನಕ ಉತ್ತರಕ್ಕೆ ತಿರುಗುತ್ತಿರಲಿಲ್ಲ.

ಪಾದ್ರಿ ಸ್ಟ್ಯಾನರ್ಡ್ ಮುಂದಿನ ವಾರ ಡಾರ್ಕಸಳ ಮನೆಗೆ ಬಂದರು. ಚಹಾ ಕುಡಿಯುತ್ತ, ತಾನು ಕಾಗದ ಮಾತ್ರ ನೋಡಿದ್ದು ತಪ್ಪಾಯಿತೆಂದರು. ಆಮೇಲೆ, “ನಿಜ ಹೇಳಬೇಕಂದ್ರೆ, ಈ ಕೂಸುಗಳಲ್ಲಿ ಉಸಿರಿದ್ದವಕ್ಕೆ ಸೂಲಗಿತ್ತಿಯೇ ದೀಕ್ಷಾಸ್ನಾನ ಮಾಡಬಹುದಿತ್ತು” ಎಂದರು.

ಡಾರ್ಕಸ್ ಕೆಟಲನ್ನು ಕೆಳಗಿಟ್ಟಳು. “ಪಾದ್ರಿ ಬೇಕಾಗೋಲ್ವಾ?”

“ಜೀವ ಹೋಗೋ ಹಾಗಿದ್ದಾಗ ಯಾರು ಬೇಕಾದ್ರೂ ಮಾಡಬಹುದು. ನೀರು ಬೇಕು, ತಂದೆ ಮಗ ಪವಿತ್ರಾತ್ಮನ ಹೆಸರು ಹೇಳಬೇಕು.”

“ಅಷ್ಟೇನಾ?”

“ಅಷ್ಟೇ.”

“ಇದನ್ನ ನಿಮ್ಮೋರು ಯಾರೂ ಯಾಕೆ ಹೇಳಲಿಲ್ಲ? ಒಂದು ಲೋಟ ನೀರು, ಒಂದು ಮಾತು. ಇದಿಷ್ಟು ಗೊತ್ತಿಲ್ಲದೆ ಹ್ಯಾನಾ ಅಕ್ಕ ನಲವತ್ತೊಂದು ವರ್ಷ ಕಳ್ಳತನದಲ್ಲಿ ಅತ್ತಿದ್ದಾಳೆ.”

ಪಾದ್ರಿ ಮುಂದಿನ ಭಾನುವಾರ ಪೀಠದ ಮೇಲೆ ನಿಂತು ಆ ಮಾತನ್ನು ಎಲ್ಲರಿಗೂ ಬಿಡಿಸಿ ಹೇಳಿದರು, ಊರಿನ ನರ್ಸಮ್ಮನಿಗೆ ಬರೆದುಕೊಟ್ಟರು. ಡಾರ್ಕಸ್ ಬರೆದುಕೊಳ್ಳಲಿಲ್ಲ. ಒಮ್ಮೆ ಕೇಳಿದ್ದು ಅವಳಿಗೆ ಸಾಕು.

ಬೋರೆಟ್ 1941ರಲ್ಲಿ ತೀರಿಕೊಂಡ. ಬೋರೆಟ್ ಮನೆತನದ ಗೋರಿಗಳೆಲ್ಲ ಬಿಸಿಲು ಬೀಳುವ ದಕ್ಷಿಣದಲ್ಲಿದ್ದರೂ ಅವನು ಏಳನೆಯ ಹೆಜ್ಜೆಯ ಪಕ್ಕದಲ್ಲೇ ಜಾಗ ಕೇಳಿಕೊಂಡಿದ್ದ. ಉತ್ತರ ಮಗ್ಗುಲಿನಲ್ಲಿ ಮಲಗಿದ ಮೊದಲ ದೊಡ್ಡವನು ಅವನೇ. ಮೂರು ವರ್ಷದ ಮೇಲೆ ಹ್ಯಾನಾ ಆಚೆ ಬದಿಗೆ ಬಂದು ಸೇರಿದಳು. ಎರಡೂ ಗುಂಡಿಗಳನ್ನು ಡಾರ್ಕಸ್ ತೋಡಿದಳು, ನಡುವಿನ ಪುಟ್ಟ ಜಾಗಕ್ಕೆ ಸಲಿಕೆ ತಾಗದ ಹಾಗೆ.

1947ರ ಫೆಬ್ರುವರಿಯಲ್ಲಿ ಹಿಮ ಸುರಿದದ್ದನ್ನು ಆ ಊರಿನವರು ಇನ್ನೂ ಹೇಳುತ್ತಾರೆ. ಬೇಲಿಗಳು ಮುಚ್ಚಿಹೋದವು, ರಸ್ತೆಗಳು ಎಲ್ಲಿವೆಯೆಂದೇ ತಿಳಿಯದಾಯಿತು. ಡಾರ್ಕಸಳ ಪಕ್ಕದ ಮನೆಯಲ್ಲಿ ಐವಿ ಪ್ಲಮ್ ಎಂಬ ಲಂಡನ್ನಿನ ಹುಡುಗಿ ತುಂಬು ಬಸುರಿ. ಯುದ್ಧದಲ್ಲಿ ಹೊಲದ ಕೆಲಸಕ್ಕೆಂದು ಬಂದು, ದನ ನೋಡಿಕೊಳ್ಳುವ ಲೆನ್ ಪ್ಲಮ್‌ನನ್ನು ಮದುವೆಯಾಗಿ ಉಳಿದವಳು. ದಿನ ತುಂಬುವುದಕ್ಕೆ ಐದು ವಾರ ಮೊದಲೇ ನೋವು ಶುರುವಾಯಿತು. ಲೆನ್ ನರ್ಸಮ್ಮನನ್ನು ಕರೆತರಲು ಹಿಮದಲ್ಲಿ ಹೊರಟ. ವಾಲ್ಟರ್ ಸಲಿಕೆ ಹಿಡಿದು ಅವನ ಮುಂದೆ ದಾರಿ ಬಿಡಿಸುತ್ತ ಹೋದ, ಡಾರ್ಕಸ್ ಐವಿಯ ಬಳಿ ಉಳಿದಳು. ಅವರು ಬರುವುದರೊಳಗೆ, ಮಟಮಟ ಮಧ್ಯಾಹ್ನ, ಕೂಸು ಡಾರ್ಕಸಳ ಕೈಗೆ ಬಂದುಬಿಟ್ಟಿತು. ಮೊಲದಷ್ಟು ಗಾತ್ರ, ನೀಲಿಗಟ್ಟಿದ ಮೈ, ಉಸಿರು ಇದೆಯೋ ಇಲ್ಲವೋ ಎಂಬಂತೆ.

ಅವಳು ಒರೆಸಿದಳು, ಉಜ್ಜಿದಳು, ಬಾಯೊಳಗೆ ಬೆರಳಾಡಿಸಿ ಲೋಳೆ ತೆಗೆದಳು. ಒಂದು ಕ್ಷೀಣ ಸದ್ದು ಬಂತು, ಮತ್ತೆ ನಿಂತಿತು.

“ಹೋಗ್ಬಿಡುತ್ತಾ?” ಎಂದಳು ಐವಿ.

“ಗೊತ್ತಿಲ್ಲ ಮಗಾ. ಹೆಸರು ಏನಿಡ್ಬೇಕು ಅಂದ್ಕೊಂಡಿದ್ದೆ?”

“ಏನೂ ಅಂದ್ಕೊಂಡಿರಲಿಲ್ಲ. ನಮ್ಮಮ್ಮನ ಹೆಸರು ಸೆಲೀನಾ.”

ಕೊಳಾಯಿ ಹೆಪ್ಪುಗಟ್ಟಿತ್ತು. ಒಲೆಯ ಮೇಲೆ ಕೆಟಲ್ ಇತ್ತು. ಡಾರ್ಕಸ್ ಬಿಳೀ ಬಟ್ಟಲಿಗೆ ನೀರು ಬಗ್ಗಿಸಿ, ಮೊಣಕೈ ಅದ್ದಿ ಬಿಸಿ ನೋಡಿ, ಇಷ್ಟು ಹಿಮ ಬೆರೆಸಿದಳು. ಮೂವತ್ತು ವರ್ಷ ಮಣ್ಣು ಎತ್ತಿದ ಆ ಒರಟು ಕೈಯಿಂದ ಕೂಸಿನ ನೆತ್ತಿಗೆ ಮೂರು ಸಲ ನೀರು ಬಿಟ್ಟು, ಸೆಲೀನಾ ಎಂದು ಕರೆದು, ಹೇಳಬೇಕಾದ ಮಾತು ಹೇಳಿದಳು. ದನಿ ಸ್ಪಷ್ಟವಾಗಿತ್ತು. ಮೂರನೆಯ ಸಲದ ನೀರಿಗೆ ಕೂಸು ಕಾಲು ಝಾಡಿಸಿ ಚೀರಿತು.

“ಬೈತಿದ್ದಾಳೆ” ಎಂದಳು ಡಾರ್ಕಸ್. “ಬೈಲಿ. ಬೈದಷ್ಟೂ ಒಳ್ಳೇದು.”

ಕೂಸನ್ನು ತನ್ನ ಉಣ್ಣೆಯಂಗಿಯೊಳಗೆ ಎದೆಗೆ ಒತ್ತಿಕೊಂಡು ಒಲೆಯ ಮುಂದೆ ಕೂತಳು. ನರ್ಸಮ್ಮ ಸೊಂಟದವರೆಗೆ ಹಿಮ ಹಾಯ್ದು ಬಂದಾಗ ಅದು ಕೆಂಪಗಾಗಿ ನಿದ್ದೆ ಮಾಡುತ್ತಿತ್ತು.

ಏಪ್ರಿಲ್‌ನಲ್ಲಿ ಸೆಲೀನಾಳನ್ನು ಚರ್ಚಿಗೆ ಕರೆತಂದರು. ಒಮ್ಮೆ ಆದ ದೀಕ್ಷಾಸ್ನಾನವನ್ನು ಮತ್ತೆ ಮಾಡುವಂತಿಲ್ಲ. ಮನೆಯಲ್ಲಿ ಆದದ್ದು ಸರಿಯಾಗಿ ಆಯಿತೇ ಎಂದು ಪಾದ್ರಿ ಎಲ್ಲರೆದುರು ವಿಚಾರಿಸಿ ಮಗುವನ್ನು ಸಭೆಗೆ ಸೇರಿಸಿಕೊಳ್ಳಬೇಕು. ಸ್ಟ್ಯಾನರ್ಡ್ ದೀಕ್ಷಾಸ್ನಾನದ ಕಲ್ಲುತೊಟ್ಟಿಯ ಪಕ್ಕ ನಿಂತರು. ಡಾರ್ಕಸ್ ಮದುವೆಗೆ ಹೊಲಿಸಿದ್ದ ನೀಲಿ ಕೋಟು ತೊಟ್ಟಿದ್ದಳು. ಅದು ತೋಳಿನಲ್ಲಿ ಬಿಗಿಯುತ್ತಿತ್ತು.

“ಈ ಮಗುವಿಗೆ ಯಾರು ದೀಕ್ಷೆ ಕೊಟ್ಟರು?”

“ನಾನು. ಡಾರ್ಕಸ್ ಸ್ಮೈ.”

“ಯಾವುದರಿಂದ?”

“ನೀರಿನಿಂದ, ಅಯ್ಯನವರೇ. ಕೆಟಲಿನ ನೀರು. ಸ್ವಲ್ಪ ಬೆಚ್ಚಗಿತ್ತು.”

ಬೆಂಚುಗಳಲ್ಲಿ ನಗೆ ಹರಿಯಿತು. ಪಾದ್ರಿಯೂ ನಕ್ಕರು.

“ಯಾವ ಮಾತು ಹೇಳಿದೆ?”

ಅವಳು ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಹಿಂದಿನ ಸಾಲಿನ ಕಿವುಡ ಮುದುಕನಿಗೂ ಕೇಳಿಸುವ ಹಾಗೆ ಹೇಳಿದಳು. ಪಾದ್ರಿ ಎಲ್ಲವೂ ಕ್ರಮವಾಗಿ ನಡೆದಿದೆ ಎಂದು ಸಾರಿ, ಕೂಸನ್ನು ತೋಳಿಗೆ ತೆಗೆದುಕೊಂಡರು. ರಿಜಿಸ್ಟರಿನಲ್ಲಿ ದೀಕ್ಷೆ ಕೊಟ್ಟವರ ಹೆಸರಿನ ಜಾಗದಲ್ಲಿ ಅವಳ ಹೆಸರು ಬರೆದರು.

ಆಮೇಲೆ ಪ್ಲಮ್‌ರ ಮನೆಯಲ್ಲಿ ಚಹಾ, ಹಂದಿಮಾಂಸದ ತುಂಡು, ರೇಷನ್ನಿನ ಸಕ್ಕರೆ ಕೂಡಿಟ್ಟು ಮಾಡಿದ ಸೋಂಪಿನ ಕೇಕು. ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ಲಂಡನ್ನಿನಿಂದ ಬಂದಿದ್ದ ಐವಿಯ ದೊಡ್ಡಮ್ಮ ಡಾರ್ಕಸಳನ್ನು ಮೇಲಿನಿಂದ ಕೆಳಗೆ ನೋಡಿ, “ನೀವು ನರ್ಸ್ ಅಲ್ವಾ ಹಾಗಾದ್ರೆ?” ಎಂದು ಕೇಳಿದಳು.

“ಅಲ್ಲ. ಗುಂಡಿ ತೋಡ್ತೀನಿ.”

ದೊಡ್ಡಮ್ಮನ ಕೈಲಿದ್ದ ಕೇಕು ಬಾಯಿಗೆ ಹೋಗದೆ ನಿಂತಿತು. ವಾಲ್ಟರ್ ಬಟ್ಟಲೊಳಗೆ ಮುಖ ಹುದುಗಿಸಿ ಕೆಮ್ಮಿದ.

“ಎರಡೂ ಕೈಕೆಲಸವೇ ಕಣಮ್ಮ” ಎಂದಳು ಡಾರ್ಕಸ್. “ಮಗೂನ ಇತ್ತ ಕೊಡಿ, ನೀವು ಕೇಕು ತಿನ್ನಿ.”

ದೊಡ್ಡಮ್ಮ ಸ್ವಲ್ಪ ಅನುಮಾನಿಸಿ ಕೊಟ್ಟಳು. ಸೆಲೀನಾ ಡಾರ್ಕಸಳ ಹೆಬ್ಬೆರಳನ್ನು ಹಿಡಿದು ಬಾಯಿಗಿಟ್ಟುಕೊಂಡಳು.